ಪಾಯಿಂಟ್ 32 ಪಿಸ್ತೂಲು: ಭರವಸೆ ಎಲ್ಲಿ ಸೋರುತ್ತದೆ

(ಆಯುಧ ಲೈಸೆನ್ಸ್ ಇರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಜೇಬಿನಲ್ಲಿ ಹಿಡಿಸುವಂಥ ಪಿಸ್ತೂಲು ಇಟ್ಟುಕೊಂಡವರು ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: ಇದರ ಏಟಿಗೆ ಎದುರಿನವನು ನಿಲ್ಲುತ್ತಾನೆಯೇ? ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ. ಟ್ರಿಗರ್ ಎಳೆದಾಗ ಇದು ಹಾರುತ್ತದೆಯೇ? ಮೊದಲನೆಯದು ಹಾರಿದ ಮೇಲೆ ಎರಡನೆಯ ತೋಟಾ ತಾನಾಗಿ ಒಳಗೆ ಹೋಗುತ್ತದೆಯೇ? ಮೂರನೆಯದು? ಸಣ್ಣ ಪಿಸ್ತೂಲಿನ ವಿಷಯದಲ್ಲಿ ಇದಕ್ಕೆ ಉತ್ತರ ಕ್ಯಾಟಲಾಗಿನಲ್ಲಿ ಸಿಗುವುದಿಲ್ಲ, ಬ್ರಾಂಡಿನ ಹೆಸರಿನಲ್ಲೂ ಸಿಗುವುದಿಲ್ಲ. ನಿಮ್ಮ ಪಿಸ್ತೂಲು, ತೋಟಾಗಳನ್ನು ತುಂಬಿಡುವ ನಿಮ್ಮ ಮ್ಯಾಗಜೀನ್, ನೀವು ತುಂಬುವ ತೋಟಾ, ನಿಮ್ಮ ಕೈ, ಈ ನಾಲ್ಕೂ ಸೇರಿದಾಗ ಏನಾಗುತ್ತದೆ ಎಂದು ಪರೀಕ್ಷೆ ಮಾಡಿಯೇ ತಿಳಿಯಬೇಕು.

ನಮ್ಮ ದೇಶದಲ್ಲಿ ಈ ಮಾತಿಗೆ ಹೆಚ್ಚು ತೂಕವಿದೆ. 9 ಎಂ.ಎಂ. ಪಿಸ್ತೂಲು ನಿಷೇಧಿತ ಬೋರ್ (ಸಾಮಾನ್ಯರಿಗೆ ಲೈಸೆನ್ಸ್ ಸಿಗದ ನಳಿಗೆಯ ಅಳತೆ) ಆದ್ದರಿಂದ ಸಾಮಾನ್ಯ ಲೈಸೆನ್ಸ್‌ದಾರರ ಕೈಗೆ ಬರುವುದು ಹೆಚ್ಚಾಗಿ .32 (ಇಂಚಿನ ಲೆಕ್ಕದ ಬೋರ್). ಅದು ಸರ್ಕಾರಿ ಆಯುಧ ಕಾರ್ಖಾನೆಗಳ ಅಶನಿ ಆಗಿರಬಹುದು, ತಂದೆಯಿಂದಲೋ ಮಾವನಿಂದಲೋ ಬಂದ ಹಳೆಯ ವೆಬ್ಲಿ ಅಂಡ್ ಸ್ಕಾಟ್, ವಾಲ್ಟರ್, ಬ್ರೌನಿಂಗ್ ಆಗಿರಬಹುದು. 1980ರ ದಶಕದ ಮಧ್ಯದಿಂದ ಸಾಮಾನ್ಯ ಲೈಸೆನ್ಸ್‌ದಾರರಿಗೆ ವಿದೇಶಿ ಪಿಸ್ತೂಲಿನ ಆಮದು ನಿಂತಿದೆ. ಹಾಗಾಗಿ ಲಕ್ಷಗಟ್ಟಲೆ ಬೆಲೆಗೆ ಕೈ ಬದಲಾಯಿಸುವ ಈ ವಿದೇಶಿ ಪಿಸ್ತೂಲುಗಳಲ್ಲಿ ಬಹುಪಾಲು ಸುಮಾರು 40 ವರ್ಷ ದಾಟಿದವು. ಹೊರಗಿನ ನೀಲಿ ಹೊಳಪು ಹಾಗೇ ಇರಬಹುದು. ಒಳಗಿನ ಸ್ಪ್ರಿಂಗ್‌ಗಳಿಗೂ ಅಷ್ಟೇ ವಯಸ್ಸಾಗಿದೆ.

ತೋಟಾದಿಂದ, ಅಂದರೆ ಗುಂಡು, ಮದ್ದು, ಅವನ್ನು ಹಿಡಿದಿರುವ ಕೇಸು ಎಲ್ಲ ಸೇರಿದ್ದರಿಂದ ಶುರು ಮಾಡೋಣ. .32 ಎಸಿಪಿ, ಅಂದರೆ ಪಿಸ್ತೂಲಿನ .32 ತೋಟಾವನ್ನು ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ್ದು. 1899ರಲ್ಲಿ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಪಿಸ್ತೂಲಿನೊಂದಿಗೆ ಅದು ಬಂತು. ಯುರೋಪಿನಲ್ಲಿ ಇದಕ್ಕೆ 7.65 ಬ್ರೌನಿಂಗ್ ಎನ್ನುತ್ತಾರೆ. ಪೂರ್ತಿ ತಾಮ್ರದ ಹೊದಿಕೆಯ 71 ಗ್ರೇನ್ ಗುಂಡು, ಅಂದರೆ 4.6 ಗ್ರಾಂ, ಸೆಕೆಂಡಿಗೆ ಸುಮಾರು 275 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿ ಸುಮಾರು 175 ಜೂಲ್. ಹೋಲಿಸಿ ನೋಡಿ: .25 ಎಸಿಪಿಗೆ ಸುಮಾರು 87 ಜೂಲ್, .380ಕ್ಕೆ ಸುಮಾರು 260, 9 ಎಂ.ಎಂ. ಪ್ಯಾರಾಬೆಲಂಗೆ 490ರ ಆಸುಪಾಸು. ಬ್ಯಾರೆಲ್ ಗಿಡ್ಡವಾದಷ್ಟೂ ಈ ಅಂಕಿಗಳು ಇಳಿಯುತ್ತವೆ.

ಇಷ್ಟು ಕಡಿಮೆ ಶಕ್ತಿಯಲ್ಲಿ ಪಿಸ್ತೂಲು ಎರಡು ಕೆಲಸ ಮಾಡಬೇಕು. ಗುಂಡನ್ನು ಮುಂದೆ ಕಳಿಸುವುದು ಒಂದು. ಅದೇ ಏಟಿನ ಹಿಂದೊತ್ತಿನಲ್ಲಿ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡನ್ನು ಹಿಂದೆ ತಳ್ಳಿ, ಖಾಲಿ ಕೇಸನ್ನು ಎಸೆದು, ಸ್ಪ್ರಿಂಗ್ ಬಿಗಿದು, ಹೊಡೆದು ಹೊತ್ತಿಸುವ ಹ್ಯಾಮರ್ ಎಬ್ಬಿಸಿ, ಹೊಸ ತೋಟಾ ತುಂಬುವುದು ಇನ್ನೊಂದು. ದೊಡ್ಡ ಪಿಸ್ತೂಲಿನಲ್ಲಿ ಸ್ವಲ್ಪ ಧೂಳು, ಸ್ವಲ್ಪ ಒಣಗಿದ ಎಣ್ಣೆ, ಸ್ವಲ್ಪ ಸಡಿಲ ಹಿಡಿತ ಇದ್ದರೂ ಮಿಕ್ಕ ಶಕ್ತಿ ಅದನ್ನು ನುಂಗಿಕೊಳ್ಳುತ್ತದೆ. .32ರಲ್ಲಿ ಹಾಗೆ ಮಿಗುವುದು ಬಹಳ ಕಡಿಮೆ.

ಹಳೆಯ .32ಗಳು ಬಹುತೇಕ ಬ್ಲೋಬ್ಯಾಕ್ ಮಾದರಿಯವು. ಗುಂಡು ಹಾರುವಾಗ ಬ್ಯಾರೆಲ್ಲಿಗೂ ಸ್ಲೈಡಿಗೂ ನಡುವೆ ಚಿಲಕ ಇರುವುದಿಲ್ಲ. ಸ್ಲೈಡಿನ ತೂಕ ಮತ್ತು ಅದನ್ನು ಮುಂದಕ್ಕೆ ಮರಳಿಸುವ ರಿಕಾಯಿಲ್ ಸ್ಪ್ರಿಂಗಿನ ಬಿಗಿ ಎರಡೇ ಕೇಸನ್ನು ಜಾಗದಲ್ಲಿ ಹಿಡಿದಿರುತ್ತವೆ. ಸ್ಪ್ರಿಂಗ್ ಸೋತರೆ ಸ್ಲೈಡ್ ವೇಗವಾಗಿ ಹಿಂದೆ ಬಂದು ಫ್ರೇಮಿಗೆ (ಹಿಡಿಯಿರುವ ಕೆಳಭಾಗಕ್ಕೆ) ಬಡಿಯುತ್ತದೆ. ಮರಳುವಾಗ ತೋಟಾವನ್ನು ಚೇಂಬರಿಗೆ (ಬ್ಯಾರೆಲ್ಲಿನ ಹಿಂಬದಿಯಲ್ಲಿ ತೋಟಾ ಕೂರುವ ಜಾಗಕ್ಕೆ) ಪೂರ್ತಿ ನೂಕುವ ಕಸುವು ಇರುವುದಿಲ್ಲ. ಕಳೆದ ಕೆಲವು ದಶಕಗಳಲ್ಲಿ ಅಮೆರಿಕದಲ್ಲಿ ಬಂದ ಹಗುರ ಪಿಸ್ತೂಲುಗಳು ಬೇರೆ ದಾರಿ ಹಿಡಿದವು. 1999ರ ಕೆಲ್‌ಟೆಕ್ ಪಿ-32 ಖಾಲಿ ಇದ್ದಾಗ 200 ಗ್ರಾಂ ಕೂಡ ಇಲ್ಲ. ಚಿಲಕವಿರುವ, ಓರೆಯಾಗುವ ಬ್ಯಾರೆಲ್ ಇಟ್ಟು ಸ್ಲೈಡಿನ ತೂಕ ಇಳಿಸಿದರು. ಸ್ಲೈಡ್ ಹಗುರವಾಯಿತು, ಅದು ಓಡುವ ದೂರ ಗಿಡ್ಡವಾಯಿತು, ಹೋಗಿ ಬರುವ ಹೊತ್ತೂ ಕಡಿಮೆಯಾಯಿತು. ಅಷ್ಟು ಹೊತ್ತಿನೊಳಗೆ ಮ್ಯಾಗಜೀನ್ ಸ್ಪ್ರಿಂಗ್ ಮುಂದಿನ ತೋಟಾವನ್ನು ಮೇಲೆತ್ತಿ ನಿಲ್ಲಿಸಬೇಕು. ಅದು ಒಂದಿಷ್ಟು ತಡವಾದರೆ ಸ್ಲೈಡ್ ತೋಟಾದ ಬುಡ ಹಿಡಿಯದೆ ಅದರ ಮೈಮೇಲೆ ಸವರಿಕೊಂಡು ಹೋಗುತ್ತದೆ. ಗಾತ್ರ ಇಳಿಸಿದ್ದಕ್ಕೆ ಸ್ಪ್ರಿಂಗ್ ಎಷ್ಟು ದಂಡ ತೆರುತ್ತದೆ ಎನ್ನುವುದಕ್ಕೆ ರೋರ್‌ಬಾ ಆರ್-9 ಎಂಬ 9 ಎಂ.ಎಂ. ಜೇಬು ಪಿಸ್ತೂಲನ್ನು ನೋಡಬೇಕು. ಪ್ರತಿ 200 ಗುಂಡಿಗೊಮ್ಮೆ ಅದರ ರಿಕಾಯಿಲ್ ಸ್ಪ್ರಿಂಗ್ ಬದಲಿಸಿ ಎಂದು ತಯಾರಕರೇ ಹೇಳಿದ್ದರು.

ಈಗ .32ಕ್ಕೇ ವಿಶೇಷವಾದ ಒಂದು ತೊಂದರೆ. ಈ ತೋಟಾದ ಬುಡದಲ್ಲಿ ಸಣ್ಣ ಅಂಚಿದೆ. ಅಂಚಿನ ಅಗಲ 9.1 ಮಿ.ಮೀ., ಅದರ ಮುಂದಿನ ಕೇಸಿನ ಮೈ ಸುಮಾರು 8.5. ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ಕೂತಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಜಾರಿದರೆ ಎರಡೂ ಕೊಕ್ಕೆ ಹಾಕಿಕೊಳ್ಳುತ್ತವೆ, ಸ್ಲೈಡ್ ಎಷ್ಟು ನೂಕಿದರೂ ಮೇಲಿನದು ಮುಂದೆ ಹೋಗದು. ಇದನ್ನೇ ರಿಮ್‌ಲಾಕ್ ಎನ್ನುವುದು. ಸ್ಲೈಡ್ ಎಳೆದುಬಿಟ್ಟರೆ ಇದು ಬಿಡುವುದಿಲ್ಲ. ಮ್ಯಾಗಜೀನ್ ಹೊರತೆಗೆದು, ತೋಟಾಗಳನ್ನು ಬಿಡಿಸಿ, ಮತ್ತೆ ತುಂಬಬೇಕು. ಅಪಾಯದ ಹೊತ್ತಿನಲ್ಲಿ ಅದಕ್ಕೆ ಸಮಯ ಸಿಗುವುದಿಲ್ಲ.

ಇದಕ್ಕೆ ಕಾರಣ ತೋಟಾದ ಉದ್ದ. ಪೂರ್ತಿ ಹೊದಿಕೆಯ ಗುಂಡಿರುವ ತೋಟಾ ಸುಮಾರು 25 ಮಿ.ಮೀ. ಇರುತ್ತದೆ, ಮ್ಯಾಗಜೀನಿನಲ್ಲಿ ಹಿಂದೆ ಮುಂದೆ ಜಾರಲು ಜಾಗ ಉಳಿಯುವುದಿಲ್ಲ. ಮೂತಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್ ತೋಟಾ 23 ಮಿ.ಮೀ. ಹತ್ತಿರ ಇದ್ದು, ಉಳಿದ ಜಾಗದಲ್ಲಿ ಜಾರುತ್ತದೆ, ಹಾರಿಸಿದಾಗಿನ ಅದುರಿಗೆ ಅಂಚುಗಳು ಅದಲುಬದಲಾಗುತ್ತವೆ. ಇದಕ್ಕೆ ತಿರುಗುಮುರುಗಾದ ಉದಾಹರಣೆ ಅಮೆರಿಕದ ಸೀಕ್ಯಾಂಪ್ .32. ಅದನ್ನು ಕಟ್ಟಿದ್ದೇ ವಿಂಚೆಸ್ಟರ್ ಸಿಲ್ವರ್‌ಟಿಪ್ ಎಂಬ ಗಿಡ್ಡ ಹಾಲೋ ಪಾಯಿಂಟ್ ತೋಟಾಕ್ಕೆ. ಮಾಮೂಲಿ ಉದ್ದದ ತೋಟಾ ಅದರ ಮ್ಯಾಗಜೀನಿಗೆ ಸರಿಹೋಗುವುದೇ ಇಲ್ಲ. ಮಾಮೂಲಿ ಪಿಸ್ತೂಲು, ಸೀಕ್ಯಾಂಪ್ ಎರಡೂ .32, ಎರಡೂ ಒಳ್ಳೆಯ ಕೆಲಸಗಾರಿಕೆ. ಒಂದಕ್ಕೆ ಒಗ್ಗುವ ತೋಟಾ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಹಾಗಾದರೆ ಯಾವ ಗುಂಡು? .32ರಲ್ಲಿ ಪೂರ್ತಿ ಹೊದಿಕೆಯ ದುಂಡು ಮೂತಿಯ ಗುಂಡೇ ಸರಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅಮೆರಿಕದ ಎಫ್‌ಬಿಐ 1986ರ ಮಯಾಮಿ ಗುಂಡಿನ ಚಕಮಕಿಯ ನಂತರ, ಗುಂಡು ಮಾಂಸದ ಬದಲು ಪರೀಕ್ಷೆಗೆ ಬಳಸುವ ಜೆಲಾಟಿನ್ ಅಚ್ಚಿನಲ್ಲಿ ಕನಿಷ್ಠ 12 ಇಂಚು, ಅಂದರೆ 30 ಸೆಂ.ಮೀ. ಒಳಹೋಗಬೇಕು ಎಂಬ ಅಳತೆ ಇಟ್ಟುಕೊಂಡಿತು. .32ರ ಹಾಲೋ ಪಾಯಿಂಟ್ ಅರಳಿದರೆ ಆ ಅಳತೆ ಮುಟ್ಟುವ ಮೊದಲೇ ನಿಲ್ಲುವುದು ಸಾಮಾನ್ಯ, ಅರಳದಿದ್ದರೆ ಅದೂ ಮಾಮೂಲಿ ಗುಂಡಿನಂತೆಯೇ ಹೋಗುತ್ತದೆ. ಅರಳುವುದು, ಆಳಕ್ಕೆ ಹೋಗುವುದು ಎರಡಕ್ಕೂ ಸಾಲುವಷ್ಟು ಶಕ್ತಿ ಈ ತೋಟಾದಲ್ಲಿಲ್ಲ. ದುಂಡು ಮೂತಿಯ ಗುಂಡು ಒಳಕ್ಕೂ ಹೋಗುತ್ತದೆ, ಮ್ಯಾಗಜೀನಿನಿಂದ ಚೇಂಬರಿಗೆ ಸಲೀಸಾಗಿ ಜಾರುತ್ತದೆ. ಹಳೆಯ ಪಿಸ್ತೂಲುಗಳಲ್ಲಿ ತೋಟಾವನ್ನು ಚೇಂಬರಿಗೆ ಹತ್ತಿಸುವ ಇಳಿಜಾರಾದ ಫೀಡ್ ರ‍್ಯಾಂಪನ್ನು ಈ ಮೂತಿಗೆಂದೇ ಕೊರೆದಿದ್ದಾರೆ. ಆದರೆ ಆಳಕ್ಕೆ ಹೋಗುವ ಗುಂಡು ಗುರಿ ತಪ್ಪಿದಾಗ ಗೋಡೆ ಬಾಗಿಲುಗಳನ್ನೂ ದಾಟಬಲ್ಲದು, ಹಿಂದೆ ಯಾರಿದ್ದಾರೆ ಎಂಬ ಎಚ್ಚರ ಹಾರಿಸುವವನದೇ.

ನಮ್ಮಲ್ಲಿ ಸಿಗುವುದು ಬಹುಮಟ್ಟಿಗೆ ಪುಣೆಯ ಖಡ್ಕಿ ಕಾರ್ಖಾನೆಯ ತೋಟಾ, ಬುಡದಲ್ಲಿ ಕೆ.ಎಫ್. ಎಂಬ ಗುರುತು. ಕೊಳ್ಳುವಾಗಲೇ ಪೆಟ್ಟಿಗೆಯ ಮೇಲಿನ ವರ್ಷ ನೋಡಿ, ಸಾಧ್ಯವಾದರೆ ಒಂದೇ ಲಾಟಿನದು (ಒಂದೇ ಸಲ ತಯಾರಾದದ್ದು) ತೆಗೆದುಕೊಳ್ಳಿ. ಪ್ರತಿ ತೋಟಾವನ್ನೂ ಬೆಳಕಿಗೆ ಹಿಡಿದು ತಿರುಗಿಸಿ. ಪ್ರೈಮರ್ (ಬುಡದ ನಡುವೆ ಇರುವ, ಏಟಿಗೆ ಹೊತ್ತುವ ಬಟ್ಟಲು) ಬುಡದ ಮಟ್ಟಕ್ಕಿಂತ ಮೇಲೆದ್ದಿದೆಯೇ? ಕೇಸಿನ ಬಾಯಿ ನೆಗ್ಗಿದೆಯೇ? ಹಸಿರು ಕಿಲುಬು ಹಿಡಿದಿದೆಯೇ? ಗುಂಡು ಬೆರಳಿಗೆ ಅಲ್ಲಾಡುತ್ತದೆಯೇ? ಇವುಗಳಲ್ಲಿ ಒಂದು ಕಂಡರೂ ಅದನ್ನು ಪಕ್ಕಕ್ಕಿಡಿ. ಇನ್ನೊಂದು ಅಪಾಯ ಅಂಗಡಿಯ ಮಾತಿನಲ್ಲಿದೆ. '.32 ಕೊಡಿ' ಎಂದರೆ ಸಾಲದು. ರಿವಾಲ್ವರಿನ .32 ಬೇರೆ ತೋಟಾ, .32 ಎಸ್ ಅಂಡ್ ಡಬ್ಲ್ಯು ಲಾಂಗ್. ಪಿಸ್ತೂಲಿನ ತೋಟಾ ಕೆಲವು ರಿವಾಲ್ವರುಗಳೊಳಗೆ ಕೂತುಬಿಡುತ್ತದೆ, ಆದರೆ ಅದರ ಒತ್ತಡ ಹೆಚ್ಚು. ರಿವಾಲ್ವರ್ ತೋಟಾಕ್ಕೆ ಅಮೆರಿಕದ ಮಾನದಂಡ (ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ) 15,000 ಪಿಎಸ್‌ಐ, ಪಿಸ್ತೂಲು ತೋಟಾಕ್ಕೆ 20,500. ಕೂತಿತು ಎಂದು ಹಾರಿಸಬಾರದು.

ತೊಂದರೆ ಬಂದಾಗ ಅದನ್ನು ಓದುವುದನ್ನು ಕಲಿಯಬೇಕು. ಟ್ರಿಗರ್ ಎಳೆದರೆ ಟಿಕ್ ಎಂದಷ್ಟೇ ಸದ್ದು ಬಂತು ಅನ್ನಿ. ರೇಂಜಿನಲ್ಲಾದರೆ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ಕೆಲವೊಮ್ಮೆ ತಡವಾಗಿ ಹೊತ್ತುತ್ತದೆ. ಆಮೇಲೆ ಹೊರತೆಗೆದು ಪ್ರೈಮರ್ ನೋಡಿ. ಗುಳಿ ಆಳವಾಗಿ, ನಡುವಿಗೇ ಬಿದ್ದಿದ್ದರೆ ದೋಷ ತೋಟಾದ್ದು. ಗುಳಿ ತೆಳುವಾಗಿದ್ದರೆ ದೋಷ ಪಿಸ್ತೂಲಿನದು: ಹ್ಯಾಮರ್ ಅಥವಾ (ಹ್ಯಾಮರಿನ ಬದಲು ಇರುವ) ಸ್ಟ್ರೈಕರ್ ಸ್ಪ್ರಿಂಗ್ ಸೋತಿದೆ, ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ನಿನ ತುದಿ ಸವೆದಿದೆ, ಇಲ್ಲವೇ ಪಿನ್ನಿನ ಕೊಳವೆಯಲ್ಲಿ ಹಳೆಯ ಗ್ರೀಸ್ ಗಟ್ಟಿಯಾಗಿದೆ. ಹಳೆಯ ಪಿಸ್ತೂಲುಗಳಲ್ಲಿ ಈ ಕೊನೆಯದನ್ನೇ ಮೊದಲು ನೋಡಬೇಕು. ಗುಳಿಯೇ ಇಲ್ಲದಿದ್ದರೆ ಸ್ಲೈಡ್ ಪೂರ್ತಿ ಮುಚ್ಚಿತ್ತೇ, ಪಿನ್ ಮುರಿದಿದೆಯೇ ಎಂದು ಪರೀಕ್ಷಿಸಿ.

ಖಾಲಿ ಕೇಸು ಸ್ಲೈಡಿಗೂ ಬ್ಯಾರೆಲ್ಲಿಗೂ ನಡುವೆ ನೆಟ್ಟಗೆ ಸಿಕ್ಕಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಮಣಿಕಟ್ಟು. ಹಿಡಿ ಗಿಡ್ಡವಾಗಿರುವುದರಿಂದ ಕಿರುಬೆರಳಿಗೆ ಆಸರೆ ಇಲ್ಲ. ಮಣಿಕಟ್ಟು ಸಡಿಲಾದರೆ ಫ್ರೇಮೇ ಸ್ಲೈಡಿನ ಜೊತೆ ಹಿಂದೆ ಹೋಗಿ ಸ್ಲೈಡಿಗೆ ಪೂರ್ತಿ ಓಟ ಸಿಗುವುದಿಲ್ಲ. ಬಿಗಿಯಾಗಿ ಹಿಡಿದರೂ ಅದೇ ಆದರೆ ಖಾಲಿ ಕೇಸನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರಿನ ಉಗುರು ಸವೆದಿರಬಹುದು, ಅದರ ಕೆಳಗೆ ಕಸ ತುಂಬಿರಬಹುದು, ಇಲ್ಲವೇ ತೋಟಾ ಸಪ್ಪೆ. ಒಂದೇ ಮ್ಯಾಗಜೀನಿನಲ್ಲಿ ಮಾತ್ರ ಫೀಡಿಂಗ್ (ತೋಟಾ ಒಳಹೋಗುವುದು) ಕೆಡುತ್ತಿದ್ದರೆ ಅದರ ತುಟಿಗಳು (ತೋಟಾ ಹಿಡಿದಿರುವ ಮೇಲಿನ ಅಂಚುಗಳು) ಬಾಗಿವೆ ಎಂದೇ ಲೆಕ್ಕ. ಇಕ್ಕಳ ಹಾಕಿ ಬಗ್ಗಿಸಲು ಹೋಗಬೇಡಿ, ತುಟಿಯ ಕೋನ ಕೂದಲೆಳೆಯಷ್ಟು ತಪ್ಪಿದರೂ ತೋಟಾ ಮೂತಿ ತಗ್ಗಿಸಿ ಹೋಗಿ ರ‍್ಯಾಂಪಿಗೆ ಗುದ್ದುತ್ತದೆ. ಎರಡು ಮ್ಯಾಗಜೀನ್ ಇದ್ದರೆ ಬುಡಕ್ಕೆ ಬಣ್ಣದಲ್ಲಿ 1, 2 ಎಂದು ಬರೆದಿಡಿ, ಯಾವುದರ ತಪ್ಪು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಪುಸ್ಸೆಂಬ ಸಣ್ಣ ಸದ್ದು. ಸದ್ದು ಕಡಿಮೆ, ಒದೆತ ಕಡಿಮೆ ಎನಿಸಿದ ಕೂಡಲೇ ನಿಲ್ಲಿಸಬೇಕು. ಗುಂಡು ಬ್ಯಾರೆಲ್ಲಿನಲ್ಲೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದರೆ ಬ್ಯಾರೆಲ್ ಉಬ್ಬುತ್ತದೆ ಅಥವಾ ಸೀಳುತ್ತದೆ. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಮಾಡಿ, ಪಿಸ್ತೂಲು ಬಿಚ್ಚಿ, ಬ್ಯಾರೆಲ್ಲನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಮುಂದಿನ ಮಾತು.

ಜೇಬಿನಲ್ಲಿ ಇಟ್ಟುಕೊಳ್ಳುವುದರಿಂದಲೇ ಬರುವ ತೊಂದರೆಗಳೂ ಇವೆ. ಬಟ್ಟೆಯ ನೂಲು, ಧೂಳು, ಬೆವರು ಮೂರೂ ಸೇರಿ ವಾರದೊಳಗೆ ಎಕ್ಸ್‌ಟ್ರಾಕ್ಟರಿನ ಸಂದಿಗೂ ಹ್ಯಾಮರಿನ ಬುಡಕ್ಕೂ ಹೋಗುತ್ತವೆ. ಟ್ರಿಗರ್ ಮುಚ್ಚುವ ಜೇಬು ಹೋಲ್‌ಸ್ಟರ್ ಇಲ್ಲದೆ ಇಟ್ಟುಕೊಳ್ಳಲೇಬಾರದು, ಆ ಜೇಬಿನಲ್ಲಿ ಬೀಗದಕೈ, ಚಿಲ್ಲರೆ, ಪೆನ್ನು ಏನೂ ಇರಕೂಡದು. ಹಳೆಯ ವಿನ್ಯಾಸಗಳಲ್ಲಿ ಫೈರಿಂಗ್ ಪಿನ್ ತಡೆ ಇರುವುದಿಲ್ಲ, ಕೆಳಗೆ ಬಿದ್ದರೆ ಹಾರುವ ಸಂಭವವಿದೆ. ಅಂಥವುಗಳಲ್ಲಿ ಚೇಂಬರ್ ಖಾಲಿ ಇಡಬೇಕು. ಹೊತ್ತಿಗೆ ಸ್ಲೈಡ್ ಎಳೆಯುವ ಅಭ್ಯಾಸವನ್ನು ಡಮ್ಮಿ (ಮದ್ದಿಲ್ಲದ) ತೋಟಾ ಹಾಕಿ ಮಾಡಬೇಕು. ಎಳೆದ ಸ್ಲೈಡನ್ನು ಕೈಯಿಂದ ಬಿಟ್ಟುಬಿಡಿ, ಜೊತೆಯಲ್ಲೇ ಮುಂದಕ್ಕೆ ಒಯ್ದರೆ ಸ್ಪ್ರಿಂಗಿನ ಬಲ ಪೂರ್ತಿ ಸಿಗದೆ ಅರ್ಧಕ್ಕೇ ನಿಲ್ಲುತ್ತದೆ.

ದಿನವೂ ತುಂಬಿ ಇಳಿಸುವವರಿಗೆ ಇನ್ನೊಂದು ಎಚ್ಚರಿಕೆ. ಒಂದೇ ತೋಟಾ ಮತ್ತೆ ಮತ್ತೆ ಚೇಂಬರಿಗೆ ಹೋದರೆ ಮೂತಿ ರ‍್ಯಾಂಪಿಗೆ ಬಡಿದು ಗುಂಡು ಕೇಸಿನೊಳಗೆ ಕುಸಿಯುತ್ತದೆ. ಇಷ್ಟು ಸಣ್ಣ ಕೇಸಿನಲ್ಲಿ ಒಂದು ಮಿ.ಮೀ. ಕುಸಿದರೂ ಒತ್ತಡ ವಿಪರೀತ ಏರುತ್ತದೆ. ಚೇಂಬರಿಗೆ ಹೋಗಿಬಂದ ತೋಟಾಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ, ಎರಡು ಗೆರೆ ಬಿದ್ದ ಮೇಲೆ ಅದು ರೇಂಜಿನ ಅಭ್ಯಾಸಕ್ಕೆ.

ಮಲೆನಾಡು ಮತ್ತು ಕರಾವಳಿಯವರಿಗೆ ತುಕ್ಕಿನ ವಿಷಯ ವಿವರವಾಗಿ ಹೇಳಬೇಕು. ಮಡಿಕೇರಿ, ಚಿಕ್ಕಮಗಳೂರಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗೂ ತೇವ. ಪಿಸ್ತೂಲನ್ನು ಚರ್ಮದ ಹೋಲ್‌ಸ್ಟರಿನಲ್ಲೇ ಬಿಟ್ಟರೆ ಚರ್ಮ ತೇವ ಹೀರಿ ಉಕ್ಕಿಗೆ ಒತ್ತಿ ಹಿಡಿಯುತ್ತದೆ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟ ತೋಟಾಕ್ಕೆ ಹದ ಮಾಡಿದ ರಾಸಾಯನಿಕದಿಂದ ಹಸಿರು ಕಿಲುಬು ಬರುತ್ತದೆ. ಬೀಗ ಹಾಕುವ ಉಕ್ಕಿನ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್, ಪಿಸ್ತೂಲಿಗೆ ಬಟ್ಟೆಯಿಂದ ಸವರಿದ ತೆಳು ಎಣ್ಣೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ಒರೆಸಿ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಚ್ಚುವ ರೂಢಿಯನ್ನು ಬಿಡಲೇಬೇಕು. 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಡಿಸೆಂಬರಿನ ಬೆಳಗಿನ ಜಾವ ಫೈರಿಂಗ್ ಪಿನ್ ಅದರಲ್ಲೇ ಅಂಟಿಕೊಂಡಿರುತ್ತದೆ. ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಸಾಕು. ಸ್ಲೈಡಿನ ಎರಡು ಹಳಿಗೆ ಒಂದೊಂದು ತೊಟ್ಟು, ಬ್ಯಾರೆಲ್ಲಿನ ಹೊರಮೈಗೆ ಒಂದು. ಚೇಂಬರ್, ಮ್ಯಾಗಜೀನ್, ಪಿನ್ನಿನ ಕೊಳವೆ ಒಣಗಿಯೇ ಇರಲಿ. ಅಲ್ಲಿ ಹಾಕಿದ ಎಣ್ಣೆ ತೋಟಾದ ಪ್ರೈಮರಿಗೆ ಇಳಿಯಬಲ್ಲದು.

ಪರೀಕ್ಷೆಯ ವಿಚಾರ. ಅಮೆರಿಕದ ಶೂಟರುಗಳು ಸಣ್ಣ ಪಿಸ್ತೂಲನ್ನು ನಂಬುವ ಮೊದಲು 200 ಗುಂಡು ತಡೆಯಿಲ್ಲದೆ ಹಾರಬೇಕು ಎನ್ನುತ್ತಾರೆ. ಲೈಸೆನ್ಸ್ ಪುಸ್ತಕದಲ್ಲಿ ಬರೆದ ಮಿತಿಯೊಳಗೆ ನಮಗೆ ಅದು ಕಷ್ಟ, ಆದ್ದರಿಂದ ಇರುವ ತೋಟಾವನ್ನು ಜಾಣತನದಿಂದ ಖರ್ಚು ಮಾಡಬೇಕು. ಮೊದಲು ಪರಿಣತ ಆರ್ಮರರ್ (ಆಯುಧ ರಿಪೇರಿಗಾರ) ಕೈಯಲ್ಲಿ ಬಿಚ್ಚಿಸಿ, ತೊಳೆಸಿ, ರಿಕಾಯಿಲ್ ಮತ್ತು ಮ್ಯಾಗಜೀನ್ ಸ್ಪ್ರಿಂಗ್ ನೋಡಿಸಿ. ಮನೆಯಲ್ಲಿ ಜೀವಂತ ತೋಟಾ ಬೇರೆ ಕೋಣೆಯಲ್ಲಿಟ್ಟು ಡಮ್ಮಿಗಳಿಂದ ಪ್ರತಿ ಮ್ಯಾಗಜೀನನ್ನೂ ಹಲವು ಸಲ ಕೈಯಿಂದ ಓಡಿಸಿ. ಬಾಗಿದ ತುಟಿ, ಸತ್ತ ಸ್ಪ್ರಿಂಗ್ ಇಲ್ಲೇ ಸಿಕ್ಕಿಬೀಳುತ್ತವೆ, ಒಂದು ಗುಂಡೂ ಖರ್ಚಾಗುವುದಿಲ್ಲ. ಆಮೇಲೆ ರೈಫಲ್ ಸಂಘದ ಅಧಿಕೃತ ರೇಂಜಿಗೆ ಹೋಗಿ ನೀವು ನಿಜಕ್ಕೂ ತುಂಬಿಡುವ ಲಾಟಿನದೇ 50 ತೋಟಾ ಹಾರಿಸಿ. ಮ್ಯಾಗಜೀನ್ ಪ್ರತಿ ಸಲವೂ ಪೂರ್ತಿ ತುಂಬಿರಲಿ, ಏಕೆಂದರೆ ಮೊದಲನೆಯ ಮತ್ತು ಕೊನೆಯ ತೋಟಾದಲ್ಲೇ ತೊಂದರೆ ಹೆಚ್ಚು. ಅರ್ಧದಷ್ಟು ಎರಡು ಕೈಯಲ್ಲಿ, ಉಳಿದದ್ದು ಒಂಟಿ ಕೈಯಲ್ಲಿ, ಅದರಲ್ಲಿ ಕೆಲವು ಎಡಗೈಯಲ್ಲಿ. ನಡುವೆ ಒಂದು ತಡೆ ಬಂದರೆ ಕಾರಣ ಹುಡುಕಿ, ಸರಿಪಡಿಸಿ, ಎಣಿಕೆಯನ್ನು ಒಂದರಿಂದ ಶುರು ಮಾಡಿ. ಐವತ್ತು ಸಾಲದು ಎಂದು ವಾದಿಸುವವರ ಮಾತು ಸರಿಯೇ. ಆದರೂ ಪಾಲಿಶ್ ಮಾಡಿ ಬೀರುವಿನಲ್ಲಿಟ್ಟ ಪಿಸ್ತೂಲಿಗಿಂತ ಇದು ಎಷ್ಟೋ ಮೇಲು. ಖಾಲಿ ಕೇಸುಗಳನ್ನು ಎಣಿಸಿ ಇಟ್ಟುಕೊಳ್ಳಿ, ಹೊಸ ತೋಟಾ ಕೊಳ್ಳುವಾಗ ಕೇಳಬಹುದು.

ತೋಟದಲ್ಲೋ ಹಿತ್ತಲಲ್ಲೋ ಹಾರಿಸಿ ನೋಡುವುದು ಬೇಡ. ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಎಚ್ಚರಗೇಡಿಯಾಗಿ ಹಾರಿಸಿದರೆ ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ. ರಕ್ಷಣೆಗೆ ಅಗತ್ಯವಿರುವುದಕ್ಕಿಂತ ಹೆಚ್ಚು ಹಾನಿ ಮಾಡಬಾರದು, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕು ಇಲ್ಲ ಎಂಬುದು ಅಲ್ಲೇ ಇದೆ. ಲೈಸೆನ್ಸ್ ಇರುವ ಪ್ರತಿಯೊಬ್ಬರೂ ಆ ಸೆಕ್ಷನ್‌ಗಳನ್ನು ಓದಿರಬೇಕು.

ಸಭೆಯಿಂದ ಬಂದ ಎರಡು ಪ್ರಶ್ನೆಗಳಿಗೆ ಉತ್ತರಿಸಿ ಮುಗಿಸುತ್ತೇವೆ. ಪಿಸ್ತೂಲಿಗಿಂತ ರಿವಾಲ್ವರ್ ಮೇಲಲ್ಲವೇ ಎಂದು ಒಬ್ಬರು ಕೇಳಿದ್ದಾರೆ. ಹೆಚ್ಚು ಅಭ್ಯಾಸಕ್ಕೆ ಅವಕಾಶವಿಲ್ಲದವರಿಗೆ ಹೌದು. ಕಾನ್ಪುರದಲ್ಲಿ ತಯಾರಾಗಿ 2014ರಲ್ಲಿ ಬಂದ ನಿರ್ಭೀಕ್‌ನಂಥ .32 ರಿವಾಲ್ವರಿನಲ್ಲಿ ಒಂದು ತೋಟಾ ಹೊತ್ತದಿದ್ದರೆ ಮತ್ತೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ. ಮ್ಯಾಗಜೀನಿಲ್ಲ, ರಿಮ್‌ಲಾಕ್ ಇಲ್ಲ, ಮಣಿಕಟ್ಟಿನ ಚಿಂತೆಯಿಲ್ಲ. ಆದರೆ ಟ್ರಿಗರ್ ಬಿಗಿ, ಗುರಿ ತಪ್ಪುವುದು ಸುಲಭ. ಮೇಲೆದ್ದ ಪ್ರೈಮರ್ ಅಥವಾ ಎಕ್ಸ್‌ಟ್ರಾಕ್ಟರ್ ನಕ್ಷತ್ರದ (ಖಾಲಿ ಕೇಸುಗಳನ್ನು ಹೊರತಳ್ಳುವ ನಕ್ಷತ್ರಾಕಾರದ ತುಂಡಿನ) ಕೆಳಗೆ ಸಿಕ್ಕ ಉರಿಯದ ಮದ್ದಿನ ಕಣ ಸಿಲಿಂಡರನ್ನೇ ಕಚ್ಚಿ ಹಿಡಿದರೆ ಬರಿಗೈಯಲ್ಲಿ ಬಿಡಿಸಲಾಗದು. .22 ರಿವಾಲ್ವರ್ ಕೂಡ ಇದೆ. ಆ ತೋಟಾದಲ್ಲಿ ಹೊತ್ತಿಸುವ ಮದ್ದು ಬುಡದ ಅಂಚಿನೊಳಗೆ ಹರಡಿರುತ್ತದೆ, ಎಲ್ಲೋ ಒಂದು ಕಡೆ ತೆಳುವಾಗಿದ್ದು ಪಿನ್ ಅಲ್ಲೇ ಬಿದ್ದರೆ ಹೊತ್ತುವುದಿಲ್ಲ. ನಡುವೆ ಪ್ರೈಮರ್ ಇರುವ .32 ಅದಕ್ಕಿಂತ ನೆಚ್ಚಿಕೆಯದು.

ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಿದ ಪಿಸ್ತೂಲಿನ ಕಥೆಯೇನು ಎಂಬುದು ಇನ್ನೊಂದು ಪ್ರಶ್ನೆ. ಕೊಡುವ ಮುನ್ನ ಖಾಲಿ ಮಾಡಿ, ಬ್ಯಾರೆಲ್ ಒಳಗೂ ಹೊರಗೂ ಎಣ್ಣೆಯ ಪದರ ಸವರಿ, ಚರ್ಮದ ಚೀಲದ ಬದಲು ಸಿಲಿಕಾ ಜೆಲ್ ಹಾಕಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಡಿ. ಪಿಸ್ತೂಲಿನ ಸಂಖ್ಯೆ, ಮ್ಯಾಗಜೀನ್ ಎಷ್ಟು ಎಂಬುದು ರಸೀದಿಯಲ್ಲಿ ಬರಲಿ. ವಾಪಸ್ ಬಂದ ದಿನ ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಬ್ಯಾರೆಲ್ಲಿನಲ್ಲಿ ಕೀಟದ ಗೂಡು, ಗಟ್ಟಿ ಎಣ್ಣೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಚೇಂಬರಿನ ಎಣ್ಣೆ ಒರೆಸಿ, ಡಮ್ಮಿಗಳಿಂದ ಎರಡೂ ಮ್ಯಾಗಜೀನ್ ಓಡಿಸಿ. ನಂತರ ರೇಂಜಿನಲ್ಲಿ ಎರಡು ಮ್ಯಾಗಜೀನ್ ತುಂಬ ಹಾರಿಸಿ ನೋಡುವವರೆಗೆ ಅದನ್ನು ರಕ್ಷಣೆಯ ಲೆಕ್ಕಕ್ಕೆ ಹಿಡಿಯಬೇಡಿ.